ದೂರು ಕೊಡುವ ಮೊದಲು ನನ್ನ ಕಥೆ ಕೇಳಿ

ಎದುರು ಪಕ್ಷದವರು ಪ್ರತಿಭಟನೆಯಲ್ಲಿ ಬೈದರೆ ವಾಕ್ ಸ್ವಾತಂತ್ರ್ಯ, ನಾವು ಬೈದರೆ ಪ್ರಚೋದನೆ ಅಂತಾರೆ, ಅವರ ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ಇಟ್ಟಿದ್ದೀನಿ, ದೂರು ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ನಾನು ಕೊಟ್ಟವನು.

2015ರಲ್ಲಿ ಮಹದಾಯಿ ಹೋರಾಟ ಜೋರಾಗಿದ್ದಾಗ ನಾನು ಧಾರವಾಡದ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಒಂದು ದಿನ ಮಂತ್ರಿಯೊಬ್ಬರ ಅಣಕು ಶವಯಾತ್ರೆ ಮಾಡಿದೆವು. ಬಿದಿರಿನ ಚಟ್ಟ, ಹುಲ್ಲಿನ ಗೊಂಬೆ, ಮುಂದೆ ಕೆಂಡ ತುಂಬಿದ ಮಡಕೆ. ನಮ್ಮವನೊಬ್ಬ ತಲೆ ಮೇಲೆ ಟವೆಲ್ ಹೊದ್ದು ‘ಹೋದ್ಯಲ್ಲೋ ಯಪ್ಪಾ’ ಅಂತ ಎದೆ ಬಡಿದುಕೊಂಡು ಅತ್ತ. ಬಂದೋಬಸ್ತಿಗೆ ಬಂದಿದ್ದ ಪೇದೆಯೂ ನಕ್ಕ. ಬದುಕಿರುವ ಮನುಷ್ಯನನ್ನು ನಡುರಸ್ತೆಯಲ್ಲಿ ಸುಟ್ಟೆವು. ಅದು ಕೊಲೆ ಬೆದರಿಕೆ ಅಂತ ಯಾರಿಗೂ ಅನ್ನಿಸಲಿಲ್ಲ.

2020ರ ಆರಂಭದಲ್ಲಿ ಪೌರತ್ವ ಕಾಯ್ದೆಯ ಗಲಾಟೆ. ನಾನು ಕಾಯ್ದೆಯ ಪರ. ನಮ್ಮ ಅತಿಥಿ ಉಪನ್ಯಾಸಕರೊಬ್ಬರು ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ಈ ಸರ್ಕಾರಕ್ಕೆ ಬೆಂಕಿ ಬೀಳಲಿ’ ಅಂತ ಹಾಕಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸಿಟ್ಟಾದರು. ‘ಸರ್, ನಿಮ್ಮ ಬರವಣಿಗೆ ಚೆನ್ನಾಗಿದೆ, ದೂರು ನೀವೇ ಬರೀರಿ’ ಅಂದರು. ಉಬ್ಬಿಹೋದೆ. ‘ಸರ್ಕಾರಿ ಆಸ್ತಿಗೆ ಬೆಂಕಿ ಹಚ್ಚುವಂತೆ ವಿದ್ಯಾರ್ಥಿಗಳನ್ನು ಪ್ರಚೋದಿಸಿದ್ದಾರೆ’ ಅಂತ ಬರೆದೆ.

ಆ ಸ್ಟೇಟಸ್‌ನಲ್ಲಿ ಆಸ್ತಿಯೂ ಇರಲಿಲ್ಲ, ವಿದ್ಯಾರ್ಥಿಗಳೂ ಇರಲಿಲ್ಲ. ನಮ್ಮಜ್ಜಿ ಹಾಲು ಒಡೆದರೂ ‘ಬೆಂಕಿ ಬೀಳ್ಲಿ’ ಅನ್ನೋಳು. ಅದೆಲ್ಲ ಗೊತ್ತಿದ್ದೇ ಬರೆದೆ. ಇದ್ದದ್ದು ಇದ್ದ ಹಾಗೆ ಬರೆದರೆ ಠಾಣೆಯಲ್ಲಿ ಯಾರೂ ಮೂಸಿ ನೋಡಲ್ಲ ಅಂತ ಲೆಕ್ಕ ಹಾಕಿದ್ದೆ. ಸಾಲದ್ದಕ್ಕೆ ಒಂದು ಪ್ರತಿ ಪ್ರಾಂಶುಪಾಲರಿಗೂ ಕೊಟ್ಟೆ. ಪೊಲೀಸರು ಕರೆಸಿ, ಬುದ್ಧಿ ಹೇಳಿ ಕಳಿಸಿದರು. ಕಾಲೇಜಿನವರು ಮಾತ್ರ ಮರುವರ್ಷ ಅವರನ್ನು ತಗೊಳ್ಳಲಿಲ್ಲ. ಅತಿಥಿ ಉಪನ್ಯಾಸಕರನ್ನು ಬಿಡೋಕೆ ಕಾರಣವನ್ನೂ ಹೇಳಬೇಕಿಲ್ಲ ನೋಡಿ.

ಆಮೇಲೆ ಕೃಷಿ ಕಾಯ್ದೆಗಳ ವಿರುದ್ಧ ನಾನೇ ಖಾರವಾಗಿ ಬರೆದೆ. ಮೆಮೊ ಬಂತು. ಓದಿದರೆ ವಾಕ್ಯ ನನ್ನದೇ! ಗುಮಾಸ್ತರು ಹಳೇ ಫೈಲ್ ನೋಡಿಕೊಂಡೇ ಹೊಸ ಪತ್ರ ಬರೆಯೋದು ಅಲ್ವಾ, ಹೆಸರು ತಾರೀಕು ಮಾತ್ರ ಬದಲಾಯಿಸಿದ್ದರು. ನನ್ನ ಬಡ್ತಿ ಅಲ್ಲಿಗೆ ನಿಂತಿತು.

‘ಅವರ’ ಇಬ್ಬಂದಿತನ ಅಂತೀರಲ್ಲ, ಅದು ಯಾವ ಪಕ್ಷದ ಸ್ವಂತ ಆಸ್ತಿಯೂ ಅಲ್ಲ. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ, ಬಂದ್ ಯಾಕೆ ಅಂತ ಕೇಳಿದ ಫೇಸ್‌ಬುಕ್ ಪೋಸ್ಟ್‌ಗೆ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಬಂಧಿಸಿದರು. ಒಬ್ಬಳು ಬರೀ ಲೈಕ್ ಒತ್ತಿದ್ದಳು. ಆಗ ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ ಮೈತ್ರಿ ಸರ್ಕಾರ. 2020ರಲ್ಲಿ ಬೀದರ್‌ನಲ್ಲಿ ಶಾಲಾ ಮಕ್ಕಳ ನಾಟಕಕ್ಕೆ ದೇಶದ್ರೋಹದ ಕೇಸ್ ಬಿತ್ತು. ಆಗ ಇಲ್ಲಿ ಬಿಜೆಪಿ ಸರ್ಕಾರ. 2023ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು.

ನಮ್ಮ ಕೋರ್ಟು ಇದನ್ನು ಬಹಳ ಹಿಂದೆಯೇ ನೋಡಿದೆ. 1984ರಲ್ಲಿ ಇಂದಿರಾ ಗಾಂಧಿ ಹತ್ಯೆಯಾದ ದಿನವೇ ಚಂಡೀಗಢದಲ್ಲಿ ಇಬ್ಬರು ಸರ್ಕಾರಿ ನೌಕರರು ಖಲಿಸ್ತಾನ್ ಪರ ಘೋಷಣೆ ಕೂಗಿದರು. ಅಂಥ ದಿನ! ಆದರೂ 1995ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಟ್ಟಿತು. ಒಂದೆರಡು ಸಲ ಕೂಗಿದ್ದಾರೆ, ಜನ ಅದಕ್ಕೆ ಕೆರಳಲಿಲ್ಲ, ಇದು ದೇಶದ್ರೋಹ ಆಗಲ್ಲ ಅಂತ.

ಹಾಗಂತ ಎಲ್ಲ ಮಾತನ್ನೂ ಒಂದೇ ತಕ್ಕಡಿಗೆ ಹಾಕಿ ಅನ್ನುತ್ತಿಲ್ಲ. ಕಲ್ಲು ಹಿಡಿದು ನಿಂತ ಗುಂಪಿಗೆ ಮೈಕ್‌ನಲ್ಲಿ ‘ಆ ಅಂಗಡಿ ಬಿಡಬೇಡಿ’ ಅನ್ನುವ ಮುಖಂಡನೇ ಬೇರೆ, ಮನೆಯಲ್ಲಿ ಕೂತು ಶಾಪ ಹಾಕುವವನೇ ಬೇರೆ. ಮುಖಂಡನ ಮೇಲೆ ಧಾರಾಳವಾಗಿ ದೂರು ಕೊಡಿ, ನಿಮ್ಮ ಪಕ್ಷದವನಾದರೂ ಕೊಡಿ.

ನಿಮ್ಮ ಸ್ಕ್ರೀನ್‌ಶಾಟ್‌ಗಳಲ್ಲಿ ಅಂಥವು ಎಷ್ಟಿವೆ ನೋಡಿ. ಇದ್ದರೆ, ಅವರು ಬರೆದದ್ದನ್ನು ಅಕ್ಷರ ಬಿಡದೆ ಹಾಗೇ ಇಳಿಸಿ, ನಿಮ್ಮ ಮಾತು ಸೇರಿಸಬೇಡಿ. ಆದರೆ ಅವರು ಕೆಲಸ ಮಾಡುವ ಕಡೆಗೆ ಪ್ರತಿ ಕಳಿಸಲೇಬೇಡಿ.