ಪ್ರಪಂಚದಲ್ಲೇ ಅತಿ ಚಿಕ್ಕ ಹಲ್ಲಿ ಜಾತಿ ಯಾವುದು, ಎಲ್ಲಿರುತ್ತೆ?

ಒಂದೇ ಹೆಸರು ಹೇಳೋದು ಕಷ್ಟ, ಪೈಪೋಟಿ ಇರೋದೇ ಮಿಲಿಮೀಟರ್ ಲೆಕ್ಕದಲ್ಲಿ. ಉತ್ತರ ಮಡಗಾಸ್ಕರ್‌ನ ಬೆಟ್ಟದ ಕಾಡಲ್ಲಿ ಸಿಕ್ಕ ಬ್ರೂಕೇಸಿಯಾ ನಾನಾ ಅನ್ನೋ ಗೋಸುಂಬೆ ಇದೆ, 2021ರಲ್ಲಿ ಹೆಸರಿಟ್ಟಿದ್ದು, ಗಂಡಿನ ಮೈ ಬರೀ 13.5 ಮಿ.ಮೀ., ಬಾಲ ಸೇರಿಸಿದ್ರೂ 22 ದಾಟಲ್ಲ, ಹೆಣ್ಣು ಸ್ವಲ್ಪ ದೊಡ್ಡದು. ಆದ್ರೆ ಆಗ ಅಳತೆಗೆ ಸಿಕ್ಕಿದ್ದು ಒಂದು ಗಂಡು ಒಂದು ಹೆಣ್ಣು ಅಷ್ಟೇ, ಹಾಗಾಗಿ ಇದೇ ರೆಕಾರ್ಡ್ ಅಂತ ಕೂಗಾಡೋದು ಆತುರ ಅನ್ಸುತ್ತೆ ನಂಗೆ.

ಕೆರಿಬಿಯನ್ ಕಡೆ ಡೊಮಿನಿಕನ್ ರಿಪಬ್ಲಿಕ್‌ನ ಬೆಯಾಟಾ ದ್ವೀಪದಲ್ಲಿ ಇನ್ನೊಂದಿದೆ, ಸ್ಫೀರೊಡ್ಯಾಕ್ಟಿಲಸ್ ಅರಿಯಾಸೆ ಅನ್ನೋ ಗೆಕ್ಕೊ (ಮನೆ ಹಲ್ಲಿ ಥರದ್ದು, ಗೋಸುಂಬೆ ಅಲ್ಲ), ಮೈ ಸುಮಾರು 16 ಮಿ.ಮೀ. ಎರಡೂ ಇರೋದು ನೆಲದ ಮೇಲೆ ಬಿದ್ದಿರೋ ತರಗೆಲೆ ಮಧ್ಯ, ಯಾಕಂದ್ರೆ ಇಷ್ಟು ಪುಟ್ಟ ಮೈಯಿಂದ ನೀರು ಬೇಗ ಆರಿಹೋಗುತ್ತೆ, ತೇವ ಬೇಕೇ ಬೇಕು. ಬ್ರೂಕೇಸಿಯಾಗಳು ರಾತ್ರಿ ಮಲಗೋಕೆ ಮಾತ್ರ ಚಿಕ್ಕ ಗಿಡ ಹತ್ತುತ್ವೆ.