ಅಡಿಕೆ ತೂಕದ ಯಂತ್ರ ಜೋಡಿಸಿದರೆ ನೀಲಿ ಪರದೆ
ತೀರ್ಥಹಳ್ಳಿಯ ನಿಮ್ಮ ಅಡಿಕೆ ಮಂಡಿಯ ಕಂಪ್ಯೂಟರಿಗೆ ತೂಕದ ಯಂತ್ರದ ಕೇಬಲ್ ಹಾಕಿದಾಗ ಮಾತ್ರ ನೀಲಿ ಪರದೆ (ವಿಂಡೋಸ್ ದೋಷದಿಂದ ನಿಂತುಹೋದಾಗ ತೋರಿಸುವ ಪರದೆ) ಬರುತ್ತದೆ ಅಂದರೆ, ಬಹುಶಃ ಆ ಯುಎಸ್‌ಬಿ-ಸೀರಿಯಲ್ ಕೇಬಲ್‌ನ ಡ್ರೈವರ್‌ದೇ (ಕೇಬಲನ್ನು ನಡೆಸುವ ಸಣ್ಣ ತಂತ್ರಾಂಶದ್ದೇ) ತಪ್ಪು. ಮಳೆಗಾಲದ ಕರೆಂಟನ್ನು ಬೈಯಬೇಡಿ. ಕರೆಂಟ್ ಹೋದರೆ ಕಂಪ್ಯೂಟರ್ ಸುಮ್ನೆ ಆರಿಹೋಗುತ್ತದೆ, ನೀಲಿ ಪರದೆ ತೋರಿಸುವುದಿಲ್ಲ.

ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಫೋಲ್ಡರ್ ಇರುತ್ತದೆ, ನೀಲಿ ಪರದೆ ಬಂದಾಗಿನ ದಾಖಲೆ ಅದರಲ್ಲಿ ಉಳಿಯುತ್ತದೆ. ಅದರ ಹೊಸ ಫೈಲನ್ನು ಮೈಕ್ರೋಸಾಫ್ಟ್‌ನ ದೋಷ ಹುಡುಕುವ ಸಾಧನ ವಿನ್‌ಡಿಬಿಜಿಯಲ್ಲಿ (WinDbg) ತೆರೆದು ‘!ಅನಲೈಜ್ -ವಿ’ (!analyze -v) ಕೊಡಿ. ಮಾಡ್ಯೂಲ್ ನೇಮ್ ಸಾಲಿನಲ್ಲಿ ಕೇಬಲ್‌ನ ಡ್ರೈವರ್ ಕಂಡರೆ ಡಿವೈಸ್ ಮ್ಯಾನೇಜರಿನಿಂದ ಅದನ್ನು ಫೈಲ್ ಸಮೇತ ತೆಗೆದು, ಚಿಪ್ ತಯಾರಕರ ಡ್ರೈವರನ್ನೇ ಹಾಕಿ.

ಅಲ್ಲಿ ವಿಂಡೋಸ್ ಕರ್ನಲ್ (ವಿಂಡೋಸ್‌ನ ತಿರುಳು ಭಾಗ) ಹೆಸರೇ ಬಂದರೆ ನಂಬಬೇಡಿ. ಜಾಸ್ತಿ ಸಲ ಬೇರೆ ಡ್ರೈವರ್ ಕೆಡಿಸಿದ ಮೆಮೊರಿಗೆ ಅದು ಎಡವಿರುತ್ತದೆ. ಆಗ ಮಂಡಿಯ ಲೆಕ್ಕವನ್ನೆಲ್ಲ ಬ್ಯಾಕಪ್ ತೆಗೆದು ಡ್ರೈವರ್ ವೆರಿಫೈಯರ್ (ತಪ್ಪು ಮಾಡುವ ಡ್ರೈವರ್ ಸಿಕ್ಕೊಡನೆ ಬೇಕೆಂದೇ ನೀಲಿ ಪರದೆ ತರಿಸುವ ವಿಂಡೋಸ್ ಸಾಧನ) ಆನ್ ಮಾಡಿ, ಮೈಕ್ರೋಸಾಫ್ಟ್‌ನದಲ್ಲದ ಡ್ರೈವರ್‌ಗಳಿಗೆ ಮಾತ್ರ. ಬೂಟ್ ಆಗದಿದ್ದರೆ ಸೇಫ್ ಮೋಡಿಗೆ (ಅಗತ್ಯದ ಡ್ರೈವರ್‌ಗಳಷ್ಟರಿಂದಲೇ ವಿಂಡೋಸ್ ತೆರೆಯುವ ಕ್ರಮ) ಹೋಗಿ ಕಮಾಂಡ್ ಪ್ರಾಂಪ್ಟಿನಲ್ಲಿ ‘ವೆರಿಫೈಯರ್ /ರೀಸೆಟ್’ (verifier /reset) ಕೊಡಿ.