ಬಂಗಲೆಯ ಬೆನ್ನಿಗೆ ಬೆಳೆದ ಮ್ಯೂಸಿಯಂ

ಪ್ರಶ್ನೆ: ಡೆನ್ಮಾರ್ಕಿನ ಲೂಯಿಸಿಯಾನಾ ಆಧುನಿಕ ಕಲಾ ಮ್ಯೂಸಿಯಂ ಹಳೆಯ ಬಂಗಲೆಯೊಂದರಲ್ಲಿ ಶುರುವಾದದ್ದಂತೆ. ಅದು ಬೆಳೆದದ್ದು ಹೇಗೆ? ನಮ್ಮ ಹಳೆಮನೆಯನ್ನೂ ಗ್ಯಾಲರಿ ಮಾಡಬೇಕೆಂದಿದ್ದೇವೆ. ಅಲ್ಲಿಯಂತೆ ಗೋಡೆಯುದ್ದ ಗಾಜು ಹಾಕಿಸಬಹುದೇ?

ಉತ್ತರ: ಹುಮ್ಲೆಬೆಕ್ ಊರಿನ ಆ ಬಂಗಲೆ 1855ರದ್ದು. ಅದನ್ನು ಕಟ್ಟಿಸಿದ ಅಲೆಕ್ಸಾಂಡರ್ ಬ್ರೂನ್‌ಗೆ ಮೂರು ಮದುವೆ, ಮೂವರು ಹೆಂಡತಿಯರ ಹೆಸರೂ ಲೂಯಿಸ್. ಮ್ಯೂಸಿಯಂಗೆ ಹೆಸರು ಬಂದದ್ದು ಹಾಗೆ. 1958ರಲ್ಲಿ ಇದನ್ನು ತೆರೆದ ಕ್ನೂದ್ ಜೆನ್ಸನ್ ಬಂಗಲೆಯನ್ನು ಹೆಬ್ಬಾಗಿಲಾಗಿ ಉಳಿಸಿಕೊಂಡರು. ವಾಸ್ತುಶಿಲ್ಪಿಗಳಾದ ಯಾರ್ಗನ್ ಬೋ ಮತ್ತು ವಿಲ್ಹೆಲ್ಮ್ ವೋಲರ್ಟ್ ಅದರ ಬೆನ್ನಿಗೆ ತಗ್ಗು ಸೂರಿನ ಗಾಜಿನ ಮೊಗಸಾಲೆಗಳನ್ನು ಹಳೆಯ ಮರಗಳ ನಡುವೆ ತಿರುಗಿಸುತ್ತ ಸಮುದ್ರದ ಅಂಚಿನವರೆಗೆ ಒಯ್ದರು. ಬಿಳಿ ಬಳಿದ ಇಟ್ಟಿಗೆ ಗೋಡೆ, ಮರದ ಚಾವಣಿ, ಕೆಂಪು ಹೆಂಚಿನ ನೆಲ, ಇಷ್ಟೇ. ಕೆರೆಗೆ ಮುಖಮಾಡಿದ ಎತ್ತರದ ಗಾಜಿನ ಕೋಣೆಯಲ್ಲಿ ಸ್ವಿಸ್ ಶಿಲ್ಪಿ ಜಾಕೊಮೆಟ್ಟಿಯ ಶಿಲ್ಪಗಳಿವೆ. ಕಂಚಿಗೆ ಬೆಳಕಿನ ಭಯವಿಲ್ಲ.

ಆದರೆ ಕ್ಯಾನ್‌ವಾಸುಗಳು ಹಿಗ್ಗುತ್ತ ಹೋದಾಗ ಈ ಮನೆಯಳತೆಯ ಕೋಣೆಗಳು ಸಾಲಲಿಲ್ಲ. 1982ರ ದಕ್ಷಿಣ ಭಾಗದಲ್ಲಿ ದೊಡ್ಡ ಗೋಡೆಗಳು ಬಂದವು. ಕಾಗದದ ಮೇಲಿನ ಕೃತಿಗಳಿಗೆ ಹಗಲು ಬೆಳಕೇ ಶತ್ರು. ಅದಕ್ಕೇ ಅವುಗಳಿಗಾಗಿ 1991ರ ಭಾಗವನ್ನು ನೆಲದಡಿಯಲ್ಲೇ ಕಟ್ಟಿದರು. ಹುಲ್ಲುಹಾಸು ಹಾಗೇ ಉಳಿಯಿತು, ಕಟ್ಟಡದ ಎರಡು ತುದಿಗಳು ಕೂಡಿ ನಡಿಗೆ ಒಂದು ಸುತ್ತಾಯಿತು. ಮಕ್ಕಳ ವಿಭಾಗ ಬಂದದ್ದು 1994ರಲ್ಲಿ. ಮೂವತ್ತಾರು ವರ್ಷ ತುಂಡುತುಂಡಾಗಿ ಕಟ್ಟಿದರೂ ಎದುರಿನಿಂದ ನೋಡಿದರೆ ಇವತ್ತಿಗೂ ಬಂಗಲೆಯೇ ಕಾಣುತ್ತದೆ. ನಮ್ಮ ಕಣ್ಣಿಗೆ ಇದೇ ಅದರ ದೊಡ್ಡಸ್ತಿಕೆ.

ಇನ್ನು ನಿಮ್ಮ ಗಾಜು. ಗೋಡೆಯುದ್ದ ಬೇಡ. ಚಿತ್ರದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಜಲವರ್ಣ, ಮುದ್ರಣ, ಫೋಟೊಗಳಿಗೆ 50 ಲಕ್ಸ್, ತೈಲವರ್ಣಕ್ಕೆ ಸುಮಾರು 200 ಲಕ್ಸ್ ಮೀರಬಾರದು. ಬಿಸಿಲು ಬೀಳುವ ಕಿಟಕಿಯ ಬಳಿ ಇದು ಸಾವಿರಗಳಲ್ಲಿರುತ್ತದೆ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ: 400 ಲಕ್ಸ್‌ನಲ್ಲಿ ಒಂದು ಗಂಟೆಯೆಂದರೆ 50 ಲಕ್ಸ್‌ನಲ್ಲಿ ಎಂಟು ಗಂಟೆಗೆ ಸಮ. ಮಾಸಿದ ಬಣ್ಣ ಕತ್ತಲಲ್ಲಿಟ್ಟರೂ ಮರಳದು. ಕಿಟಕಿಗೆ ಅಂಟಿಸುವ ಫಿಲ್ಮ್ ನೇರಳಾತೀತ ಕಿರಣವನ್ನು ತಡೆಯುತ್ತದೆ ನಿಜ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಮೊದಲು ಲಕ್ಸ್ ಮೀಟರ್ ತಂದು, ಒಂದೊಂದು ಗೋಡೆಯನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆಯಿರಿ. ಪಡಸಾಲೆಗೆ ಕಲ್ಲು, ಕಂಚಿನ ಶಿಲ್ಪ. ಕಿಟಕಿಯಿಲ್ಲದ ನಡುಮನೆಗೆ ಕಾಗದ. ಕಾಗದದ ಕೃತಿಗಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಇಳಿಸಿ ಬೇರೆಯವನ್ನು ತೂಗುಹಾಕಿ. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಗೆ ಮಾತ್ರ ಯಾವ ಚಿತ್ರವನ್ನೂ ತಾಗಿಸಬೇಡಿ. ಚೌಕಟ್ಟಿನ ಹಿಂದೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ.